ಎಡೆಯಿಂದ ಇಳಿಸಿದ ಕಾಫಿ

ಶನಿವಾರದ ಸಂತೆಯಲ್ಲಿ ಹಿಸಾಯೊಳ ತೋಫು ಹತ್ತು ಗಂಟೆಗೆಲ್ಲ ಮುಗಿದುಹೋಗುತ್ತಿತ್ತು. ತಡವಾಗಿ ಬಂದವರಿಗೆ ಖಾಲಿ ತಟ್ಟೆ ತೋರಿಸಿ, "ಮುಂದಿನ ವಾರ ಬೇಗ ಏಳು" ಅನ್ನುತ್ತಿದ್ದಳು. ಬಂದವನು ಊರಿನ ಮೇಯರನಾದರೂ ಅದೇ ಮಾತು. ಎಪ್ಪತ್ತಾರು ವರ್ಷ, ಗೇಣುದ್ದದ ಆಳು, ಮೊಣಕೈವರೆಗೆ ಬಿಸಿನೀರಿನಲ್ಲಿ ಬೆಂದು ಬಿಳಿಚಿದ ತೋಳು. ಬ್ರೆಜಿಲಿನ ಉತ್ತರ ಪರಾನಾದ ಕೆಂಪು ನೆಲದಲ್ಲಿ, ಜಪಾನಿನಿಂದ ಹಡಗು ಹತ್ತಿ ಬಂದವರು ಕಟ್ಟಿಕೊಂಡ ಆ ಸಣ್ಣ ಊರಿನಲ್ಲಿ, ಅವಳ ಹಾಗೆ ಕೈಯಲ್ಲೇ ತೋಫು ಮಾಡುವವರು ಬೇರೆ ಯಾರೂ ಉಳಿದಿರಲಿಲ್ಲ.

ಅವಳ ಕೆಲಸ ಹೊರಗಿನಿಂದ ನೋಡಿದರೆ ಸುಲಭ. ಸೋಯಾ ಕಾಳು ನೆನೆಹಾಕಬೇಕು, ರುಬ್ಬಬೇಕು, ಹಂಡೆಯಲ್ಲಿ ಕುದಿಸಿ ಬಟ್ಟೆಗೆ ಸುರಿದು ಹಿಂಡಬೇಕು. ಹಿಂಡಿದ ಹಾಲಿಗೆ ಕಡಲುಪ್ಪಿನ ಕಹಿನೀರು ಬಿಟ್ಟು ಮರದ ಹುಟ್ಟಿನಿಂದ ಒಂದೇ ಒಂದು ಸಲ ತಿರುವಿ ನಿಲ್ಲಬೇಕು. ನಿಂತ ಗಳಿಗೆಯಲ್ಲಿ ಹಾಲು ಆ ಕಹಿಯನ್ನು ಹಿಡಿದುಕೊಳ್ಳುತ್ತದೆ. ಮೋಡ ಕಟ್ಟಿದ ಹಾಗೆ ಗಟ್ಟಿಯಾಗಿ ತಳಕ್ಕೆ ಇಳಿಯುತ್ತದೆ. ಅದನ್ನು ಅಚ್ಚಿನಲ್ಲಿ ಒತ್ತಿದರೆ ಪನೀರಿನ ಹಾಗೆ ತೋಫು. "ಸೋಯಾ ಹಾಲಿಗೆ ಕೈ ಇದೆ" ಎಂದು ಹಿಸಾಯೊ ಹೇಳುತ್ತಿದ್ದಳು. "ಹಸುವಿನ ಹಾಲು ಸಾಧು. ಇದು ಹಂಗಲ್ಲ. ಏನು ಸಿಕ್ಕಿದ್ರೂ ಬಾಚಿ ತಬ್ಕೊಳ್ಳುತ್ತೆ."

ಈ ತಿಳಿವಳಿಕೆಯೇ ಅವಳಿಗೆ ಮುಳುವಾಯಿತು.

ಅವಳ ಗಂಡ ಸೇಜಿ ಕಾಫಿಯವನು. ಹತ್ತು ಸಾವಿರ ಗಿಡಗಳನ್ನು ಹೆಸರು ಹಿಡಿದು ಕರೆಯುವವನ ಹಾಗೆ ಸಾಲಿನಲ್ಲಿ ಓಡಾಡುತ್ತಿದ್ದ. ಸಾವಿರದೊಂಬೈನೂರ ಎಪ್ಪತ್ತೈದರ ಜುಲೈಯಲ್ಲಿ, ಅಲ್ಲಿನ ಚಳಿಗಾಲದಲ್ಲಿ, ಒಂದು ಬೆಳಗ್ಗೆ ಮಂಜು ಹೆಪ್ಪುಗಟ್ಟಿ ಬಿದ್ದು, ಬಿಸಿಲು ಏರುವ ಹೊತ್ತಿಗೆ ಅಷ್ಟೂ ಗಿಡ ಕುದಿನೀರಿನಲ್ಲಿ ಅದ್ದಿ ತೆಗೆದಂತೆ ಕಪ್ಪಾಗಿ ನಿಂತಿತ್ತು. ಇಡೀ ಸೀಮೆಯೇ ಹಾಗೆ ನಿಂತಿತ್ತು. ಮರುವರ್ಷ ಎಲ್ಲರ ಹಾಗೆ ಅವನೂ ಬೇರು ಕೀಳಿಸಿ ಸೋಯಾ ಬಿತ್ತಿದ. ಬಿತ್ತಿದ ದಿನದಿಂದ ಅವನ ಹೊಟ್ಟೆ ಉರಿಯತೊಡಗಿತು ಎಂದು ಹಿಸಾಯೊ ಲೆಕ್ಕ ಇಟ್ಟಿದ್ದಳು. ಏಳೆಂಟು ವರ್ಷಕ್ಕೆ ಹುಣ್ಣಾಗಿ, ಹೊಟ್ಟೆ ಕೊಯ್ಯಿಸಿಕೊಂಡು ಮನೆಗೆ ಬಂದಾಗ ಡಾಕ್ಟರು ಹಾಲಿಲ್ಲದ ಬರೀ ಕಾಫಿ ಕುಡಿಯಕೂಡದು ಎಂದರು. ಹಸುವಿನ ಹಾಲು ಅವನ ಮೈಗೆ ಆಗುತ್ತಿರಲಿಲ್ಲ. ಕಾಫಿ ಇಲ್ಲದೆ ಅವನು ಮೂರು ದಿನ ಗೋಡೆಗೆ ಮುಖ ಹಾಕಿ ಮಲಗಿದ. ನಾಲ್ಕನೆಯ ದಿನ ಹಿಸಾಯೊ ತನ್ನ ಹಂಡೆಯಿಂದ ಅರ್ಧ ಬಟ್ಟಲು ಸೋಯಾ ಹಾಲು ತೆಗೆದು, ಅದಕ್ಕೆ ಅರ್ಧ ಬಟ್ಟಲು ಕಾಫಿ ಬೆರೆಸಿಕೊಟ್ಟಳು.

ಮೊದಮೊದಲು ಅದು ಬಟ್ಟಲಿನಲ್ಲೇ ಹರಳು ಹರಳಾಗಿ ಒಡೆಯುತ್ತಿತ್ತು. ಹಾಲನ್ನು ಮೊದಲು ಬಿಸಿ ಮಾಡಿ, ಕಾಫಿಯನ್ನು ಸ್ವಲ್ಪ ಆರಿಸಿ, ದಾರದ ಹಾಗೆ ಸಣ್ಣಗೆ ಬಿಟ್ಟರೆ ಒಡೆಯುವುದಿಲ್ಲ ಎಂಬುದನ್ನು ಅವಳು ಒಂದು ತಿಂಗಳಲ್ಲಿ ಕಲಿತಳು. ಆಮೇಲೆ ಇಪ್ಪತ್ತೊಂದು ವರ್ಷ ಸೇಜಿ ದಿನ ಬೆಳಗಾದರೆ ಅದನ್ನೇ ಕುಡಿದ. ಒಳ್ಳೆಯದು ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ. ಬಟ್ಟಲನ್ನು ಕವುಚಿಟ್ಟು ಏಳುತ್ತಿದ್ದ. ಕೊನೆಗೆ ಅವನನ್ನು ತೆಗೆದುಕೊಂಡು ಹೋದದ್ದು ಹೊಟ್ಟೆಯಲ್ಲ, ಪಿತ್ತಜನಕಾಂಗ. ಕಣ್ಣು ಹಳದಿಯಾಯಿತು, ಆರು ತಿಂಗಳಿನಲ್ಲಿ ಮುಗಿಯಿತು. ಮಕ್ಕಳಿರಲಿಲ್ಲ.

ಅವನು ಹೋಗಿ ಆರು ವರ್ಷ ತುಂಬಿದಾಗ, ಅವರ ಲೆಕ್ಕದ ಏಳನೆಯ ವರ್ಷದ ತಿಥಿಯ ಊಟಕ್ಕೆ ಸೇಜಿಯ ತಂಗಿ ತೊಕಿಯೆ ಬಂದಿದ್ದಳು. ಮೂರು ಬೀದಿ ಆಚೆ ಇದ್ದವಳು, ವಿಧವೆ, ಬಾಯಿ ಜೋರು. ಪಂಕ್ತಿಯೆಲ್ಲ ಕೇಳುವ ಹಾಗೆ ಅವಳು ಚಾಪ್‌ಸ್ಟಿಕ್ ಕೆಳಗಿಟ್ಟು ಹೇಳಿದಳು: "ರೇಡಿಯೋದಲ್ಲಿ ಡಾಕ್ಟರು ಹೇಳ್ತಿದ್ರು. ಕಾಫಿಯ ಸತ್ವ ಪಿತ್ತಜನಕಾಂಗ ಕಾಯುತ್ತಂತೆ. ಆದ್ರೆ ಸೋಯಾ ಹಾಲು ಬೆರೆಸಿದ್ರೆ ಆ ಹಾಲು ಸತ್ವನೆಲ್ಲ ಹಿಡ್ಕೊಂಡು ಮೈಗೆ ಸೇರಕ್ಕೆ ಬಿಡಲ್ಲವಂತೆ. ಅತ್ತಿಗೆ, ನೀನು ನಮ್ಮಣ್ಣನಿಗೆ ಇಪ್ಪತ್ತು ವರ್ಷ ಬರೀ ಬಣ್ಣದ ನೀರು ಕುಡಿಸ್ದೆ."

ಹಿಸಾಯೊ ಎದ್ದು ಹೋಗಿ ಅನ್ನದ ಪಾತ್ರೆ ತಂದು ಎಲ್ಲರಿಗೂ ಇನ್ನೊಂದು ಸಲ ಬಡಿಸಿದಳು. ಆ ದಿನದಿಂದ ನಾದಿನಿ ಅತ್ತಿಗೆಯರ ಮಾತು ನಿಂತಿತು. ಬೇರೆ ಯಾರಾದರೂ ಆ ಮಾತು ಕೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಹಿಸಾಯೊಳಿಗೆ ಆಗಲಿಲ್ಲ. ಹಾಲು ಹಿಡಿದುಕೊಳ್ಳುವುದನ್ನು ಅವಳು ದಿನವೂ ಕಣ್ಣಾರೆ ಕಾಣುತ್ತಿದ್ದಳು. ಹುಟ್ಟು ತಿರುವಿ ನಿಲ್ಲಿಸಿದಾಗಲೆಲ್ಲ ಬಿಳಿ ಮೋಡ ತಳಕ್ಕೆ ಇಳಿಯುವುದನ್ನು ನೋಡುತ್ತ, ಸೇಜಿಯ ಹೊಟ್ಟೆಯೊಳಗೂ ಹೀಗೇ ಇಳಿದಿರಬೇಕು ಅಂದುಕೊಳ್ಳುತ್ತಿದ್ದಳು. ಎರಡು ವರ್ಷ ಅವಳು ತೋಫು ಮಾಡಿದ್ದು ಈ ಯೋಚನೆಯ ಜೊತೆಗೇ.

ಹಾಗಿರುವಾಗ ಒಂದು ಶನಿವಾರ ಸಂತೆಗೆ ಜುಸ್ಸಾರಾ ಎಂಬ ಹುಡುಗಿ ಬಂದಳು. ನಗರದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವಳು; ಗುಂಗುರು ಕೂದಲು, ಬಗಲಿಗೆ ಕಾಗದಗಳ ಚೀಲ. ಚಿಕ್ಕಂದಿನಿಂದ ಸೋಯಾ ತಿಂದು ಬೆಳೆದ ಹೆಂಗಸರು ಬೇಕಾಗಿದ್ದಾರೆ, ಒಂದು ಪರೀಕ್ಷೆಗೆ, ಎಂದಳು.

"ಎಂಥ ಪರೀಕ್ಷೆ ಮಗಳೇ? ನಾನು ಶಾಲೆ ಬಿಟ್ಟು ಅರವತ್ತು ವರ್ಷ ಆಯ್ತು."

"ಓದೋದೇನಿಲ್ಲ ಅಮ್ಮ, ಕುಡಿಯೋದು. ಒಂದು ವಾರ ಬರೀ ಕಾಫಿ, ಇನ್ನೊಂದು ವಾರ ಸೋಯಾ ಹಾಲು ಬೆರೆಸಿದ ಕಾಫಿ. ಹಾಲು ಕಾಫಿಯ ಸತ್ವನ ಹಿಡ್ಕೊಳ್ಳುತ್ತೆ ಅಂತ ಗಾಜಿನ ಲೋಟದಲ್ಲಿ ನೋಡಿದವರು ಹೇಳ್ತಾರೆ. ಆದ್ರೆ ಮನುಷ್ಯರ ಹೊಟ್ಟೆ ಲೋಟ ಅಲ್ವಲ್ಲ. ಒಳಗೆ ಬಿಟ್ಟುಕೊಡುತ್ತಾ ಇಲ್ವಾ ಅಂತ ನೋಡ್ಬೇಕು."

ಹಿಸಾಯೊಳ ಕೈಯಲ್ಲಿದ್ದ ಚಾಕು ತೋಫುವಿನ ನಡುವೆ ನಿಂತುಹೋಯಿತು. "ಅದು ಹೆಂಗೆ ಗೊತ್ತಾಗುತ್ತೆ?"

"ರಕ್ತಕ್ಕೆ ಸೇರಿದ್ದು ಕೊನೆಗೆ ಮೂತ್ರದಲ್ಲಿ ಬರುತ್ತೆ. ಒಂದು ದಿನ ಪೂರ್ತಿ ಹಿಡಿದಿಟ್ಟು ಕೊಟ್ರೆ ನಾವು ಅಳೀತೀವಿ."

ಪಕ್ಕದ ಮೂಲಂಗಿಯವಳು ಕಿಸಕ್ಕನೆ ನಕ್ಕಳು. "ಹಿಸಾಯೊ ಅಕ್ಕ, ಇನ್ಮೇಲೆ ಅದನ್ನೂ ಸಂತೆಗೆ ತರ್ತೀಯೇನು?"

"ತಂದ್ರೆ ಹತ್ತು ಗಂಟೆಗೆ ಖಾಲಿ ಆಗುತ್ತೆ, ನಿನ್ನ ಮೂಲಂಗಿ ಹಂಗಲ್ಲ" ಎಂದು ಹಿಸಾಯೊ ಅವಳತ್ತ ನೋಡದೆಯೇ ಹೇಳಿ, ಹುಡುಗಿಯ ಕಡೆ ತಿರುಗಿದಳು. "ನನ್ನ ಹೆಸರು ಬರ್ಕೊ."

ಕಟ್ಟಳೆಗಳು ಬಿಗಿಯಾಗಿದ್ದವು. ಕುಡಿಯುವ ದಿನಕ್ಕೆ ಮುಂಚೆ ಮೂರು ದಿನ ಕಾಫಿ, ಚಹಾ, ಮಾಟೆ ಎಲೆಯ ಕಷಾಯ, ಚಾಕೊಲೇಟು, ಸೋಯಾ ಯಾವುದನ್ನೂ ಮುಟ್ಟಕೂಡದು. ತಿಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಬೇಕು. ಹಿಸಾಯೊ ಬರೆದಳು. ಸೋಯಾ ಬಿಡುವುದೇ ಕಷ್ಟವಾಯಿತು. ಹಾಲು ನಾಲಿಗೆಗೆ ಹಚ್ಚದೆ ಬರೀ ಮೂಗಿನಿಂದಲೇ ಹದ ನೋಡಿ ತೋಫು ಮಾಡಿದಳು. ಹಾಳೆಯ ಮೇಲೆ ಪ್ರತಿ ದಿನದ ಕೆಳಗೂ ದಪ್ಪ ಅಕ್ಷರದಲ್ಲಿ "ಕಾಫಿ ಇಲ್ಲ" ಎಂದು ಬರೆದು ಅಡಿಗೆರೆ ಎಳೆದಳು. ವಾರಕ್ಕೊಂದರಂತೆ ಎರಡು ಸಲ ಆರೋಗ್ಯ ಕೇಂದ್ರಕ್ಕೆ ಹೋಗಿ ಕೊಟ್ಟದ್ದು ಕುಡಿದಳು, ಕುಡಿಯುವ ಮುಂಚಿನದೂ ಆಮೇಲಿನದೂ ಸೇರಿ ಬಾಟಲಿಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಒಪ್ಪಿಸಿದಳು. ಆಮೇಲೆ ಕಾದಳು.

ಮೂರು ವಾರ ಕಳೆದು ಜುಸ್ಸಾರಾ ಮನೆಗೇ ಬಂದಳು. ಬೆಳಗ್ಗೆ ಏಳರ ಹೊತ್ತು. ಹಂಡೆ ತೊಳೆದಾಗಿತ್ತು. ಹುಡುಗಿ ಅಡುಗೆಮನೆಯ ಬೆಂಚಿನ ತುದಿಯಲ್ಲಿ ಕೂತು ಕಾಗದವನ್ನು ಮಡಿಚಿದಳು, ಬಿಚ್ಚಿದಳು.

"ಬೇಜಾರು ಮಾಡ್ಕೋಬೇಡಿ ಅಮ್ಮ. ನಿಮ್ಮದೊಂದು ಲೆಕ್ಕ ಹೊಂದ್ತಾ ಇಲ್ಲ. ಕುಡಿಯೋಕೆ ಮುಂಚೆ ಕೊಟ್ಟ ಬಾಟಲೀಲೇ ಕಾಫಿ ಸಿಕ್ಕಿದೆ. ಎರಡು ಸಲಾನೂ."

ಹಿಸಾಯೊಳ ಮುಖ ಗಟ್ಟಿಯಾಯಿತು. "ನಾನು ಸುಳ್ಳು ಬರೆದೆ ಅಂತೀಯ?"

"ಹಂಗಲ್ಲ…"

"ಐವತ್ತೈದು ವರ್ಷ ಇದೇ ಊರಲ್ಲಿ ತೂಕ ಮಾಡಿ ಮಾರಿದ್ದೀನಿ. ಒಂದು ತುಂಡು ಕಮ್ಮಿ ಬಂತು ಅಂತ ಯಾರೂ ಅಂದಿಲ್ಲ. ಕಾಫಿ ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ."

ಹೀಗೆ ಹೇಳುತ್ತಲೇ ಅವಳು ಒಳಗಿನ ಕೋಣೆಯ ಕಡೆ ನೋಡಿದಳು. ಗೋಡೆಯ ಗೂಡಿನಲ್ಲಿ ಸೇಜಿಯ ಪಟ, ಹೆಸರಿನ ಹಲಗೆ, ಊದುಬತ್ತಿ. ಬತ್ತಿ ಉರಿದು ಬೂದಿ ಬಾಗಿತ್ತು. ದಿನವೂ ಮಾಡುವ ಹಾಗೆ ಅವಳು ಎದ್ದು ಹೋಗಿ, ಎರಡು ಸಲ ಕೈ ಜೋಡಿಸಿ, ಅವನ ಮುಂದೆ ಎಡೆ ಇಟ್ಟಿದ್ದ ಅನ್ನದ ಬಟ್ಟಲನ್ನೂ ಕಾಫಿಯ ಬಟ್ಟಲನ್ನೂ ಇಳಿಸಿ ತಂದಳು. ನಿಂತುಕೊಂಡೇ, ಆರಿ ಕೆನೆಗಟ್ಟಿದ್ದ ಆ ಕಾಫಿಯನ್ನು ಮೂರು ಗುಟುಕಿನಲ್ಲಿ ಕುಡಿದು ಬಟ್ಟಲು ಕವುಚಿಟ್ಟಳು.

"ಕೇಳು ಮಗಳೇ, ಬೇಕಾದ್ರೆ ಅಕ್ಕಪಕ್ಕದವರನ್ನ ಕೇಳು. ನಾನು ಆ ಮೂರು ದಿನ ಒಂದು ಹನಿ ಕಾಫಿ…"

"ಅಮ್ಮ" ಎಂದಳು ಜುಸ್ಸಾರಾ ಮೆಲ್ಲಗೆ. "ಈಗ ಕುಡಿದಿದ್ದು?"

"ಇದಾ? ಇದು ಅವರದ್ದು."

"ದಿನಾ ಕುಡೀತೀರಾ?"

"ಎಡೆ ಇಳಿಸಿದ್ದನ್ನ ಚೆಲ್ಲಕ್ಕಾಗುತ್ತಾ? ಅವರು ಬಿಟ್ಟಿದ್ದನ್ನ ಮನೆಯವರು ತಗೋಬೇಕು. ಎಂಟು ವರ್ಷದಿಂದ ತಗೋತಿದ್ದೀನಿ. ನನ್ನ ಕಾಫಿ ಬೇರೆ, ಹಗಲು ಒಂಬತ್ತಕ್ಕೆ…" ಅಲ್ಲಿಗೆ ಅವಳ ಮಾತು ನಿಂತಿತು.

ಬೆಂಚಿನ ಮೇಲೆ ಕೂತಳು. ಎಷ್ಟೋ ಹೊತ್ತು ತನ್ನ ಬಿಳಿಚಿದ ಕೈಗಳನ್ನೇ ನೋಡಿದಳು. ಹುಡುಗಿ ನಗಲಿಲ್ಲ. ಅದಕ್ಕಾಗಿ ಹಿಸಾಯೊ ಅವಳನ್ನು ಕೊನೆವರೆಗೂ ಮೆಚ್ಚಿದಳು.

"ಹಂಗಾದ್ರೆ ನನ್ನದು ಹೊಡೆದು ಹಾಕ್ತೀಯಾ?"

"ಹಾಕಲೇಬೇಕು. ಆದ್ರೆ ಇನ್ನೊಂದು ತಿಂಗಳು ಸಮಯ ಇದೆ. ನೀವು ಮನಸ್ಸು ಮಾಡಿದ್ರೆ ಮೊದಲಿಂದ ಮಾಡಬಹುದು. ಪ್ರತಿ ವಾರ ಮೂರು ದಿನ, ಕುಡಿಯೋ ದಿನ ಒಂದು. ಒಟ್ಟು ಎಂಟು ಬೆಳಗ್ಗೆ ಆ ಬಟ್ಟಲು ನೀವು ಕುಡೀಬಾರದು, ಅಷ್ಟೇ. ಅವತ್ತು ನೀರಿಟ್ರೆ ಆಗಲ್ವಾ?"

"ಅವರಿಗೆ ನೀರು ಕೊಟ್ಟು ನಾನು ಸಂತೆಗೆ ಹೋಗ್ಲಾ?" ಎಂದಳು ಹಿಸಾಯೊ.

ಮೂರು ದಿನ ಹಿಸಾಯೊ ಯೋಚಿಸಿದಳು. ಚೆಲ್ಲುವ ಹಾಗಿಲ್ಲ, ಎಡೆ ತಪ್ಪಿಸುವ ಹಾಗಿಲ್ಲ, ಹೊರಗಿನವರಿಗೆ ಕೊಡುವ ಹಾಗಿಲ್ಲ. ಹಾಲಿನ ನಿಜ ತಿಳಿಯದೆ ಬಿಡುವ ಹಾಗೂ ಇರಲಿಲ್ಲ. ಆ ಬಟ್ಟಲು ಕುಡಿಯುವ ಹಕ್ಕಿದ್ದ ಇನ್ನೊಂದೇ ಒಂದು ಬಾಯಿ ಊರಿನಲ್ಲಿತ್ತು. ಆ ಬಾಯಿಯೇ ಅವಳನ್ನು ಪಂಕ್ತಿಯಲ್ಲಿ ಆಡಿಕೊಂಡದ್ದು. ನಾಲ್ಕನೆಯ ದಿನ ಅವಳು ತೋಫುವಿನ ಒಂದು ಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೂರು ಬೀದಿ ದಾಟಿದಳು.

ತೊಕಿಯೆ ಬಾಗಿಲಲ್ಲೇ ಕೋಳಿಗಳಿಗೆ ಕಾಳು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಎರಡು ವರ್ಷ ಆಯ್ತು. ಯಾರು ಸತ್ರು ಅತ್ತಿಗೆ?"

"ಯಾರೂ ಸತ್ತಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು." ಹಿಸಾಯೊ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಎಡೆಯ ಬಟ್ಟಲಿನ ವಿಷಯ ಬಂದಾಗ ಮಾತ್ರ ದನಿ ತಗ್ಗಿತು.

"ನಿನ್ನ ಉಚ್ಚೆ ಅಳೆಯೋಕೆ ನಾನು ದಿನಾ ಬೆಳಗ್ಗೆ ಎದ್ದು ಬರಬೇಕಾ?"

"ನೀನು ಆಡಿದ ಮಾತು ನಿಜವಾ ಸುಳ್ಳಾ ಅಂತ ಅಳೆಯೋಕೆ."

ತೊಕಿಯೆಯ ಕೈ ಕಾಳಿನ ತಟ್ಟೆಯಲ್ಲಿ ನಿಂತಿತು. ಕೋಳಿಗಳು ಅವಳ ಕಾಲನ್ನು ಕುಕ್ಕತೊಡಗಿದವು. "ಅದರಲ್ಲಿ ಹಾಲು ಬೆರೆಸಿರ್ತೀಯಲ್ಲ?"

"ಅವರು ಕುಡೀತಿದ್ದ ಹಂಗೇ ಇರುತ್ತೆ."

"ಅಣ್ಣನ ಮುಖ ನೋಡಿ ಬರ್ತೀನಿ. ನಿನ್ನ ಮುಖ ನೋಡಿ ಅಲ್ಲ" ಎಂದಳು ತೊಕಿಯೆ. ತೋಫುವನ್ನು ಮಾತ್ರ ಇಸಿದುಕೊಂಡಳು.

ಅವಳು ಬಂದಳು. ಎಂಟು ಬೆಳಗ್ಗೆಯೂ, ಊದುಬತ್ತಿ ಮುಗಿಯುವ ಹೊತ್ತಿಗೆ ಸರಿಯಾಗಿ. ಮೊದಲ ದಿನ ಬಟ್ಟಲು ಹಿಡಿದು ಒಂದು ಗುಟುಕು ಕುಡಿದು, ಹುಳ ನುಂಗಿದವಳ ಹಾಗೆ ಮುಖ ಮಾಡಿದಳು. "ಇದನ್ನ ಇಪ್ಪತ್ತು ವರ್ಷ ಕುಡಿದ್ನಾ ಪುಣ್ಯಾತ್ಮ?" ಎಂದಳು. ಎರಡನೆಯ ದಿನ ಮುಖ ಕಿವುಚದೆ ಕುಡಿದಳು. ಐದನೆಯ ದಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಪಟದ ಮುಂದೆ ತುಂಬ ಹೊತ್ತು ಕೂತಿದ್ದಳು. ಹಿಸಾಯೊ ಹೊರಗೆ ಹಂಡೆ ಉಜ್ಜುತ್ತ ಅವಳ ಬೆನ್ನು ನೋಡಿದಳು. ಅಣ್ಣನ ಬೆನ್ನಿನಂತೆಯೇ ಬಲಗಡೆ ಸ್ವಲ್ಪ ಇಳಿದ ಬೆನ್ನು. ಎಂಟನೆಯ ದಿನ ಬಟ್ಟಲು ಕವುಚಿಟ್ಟು ಹೊರಟವಳನ್ನು ಹಿಸಾಯೊ ತಡೆದು, "ಫಲಿತಾಂಶ ಬಂದ ದಿನ ನೀನೂ ಬರಬೇಕು. ನಿನ್ನ ಕಿವೀಲೇ ಕೇಳಬೇಕು" ಎಂದಳು.

ಫಲಿತಾಂಶ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಒಂದು ಸೋಮವಾರ ಮಧ್ಯಾಹ್ನ ಜುಸ್ಸಾರಾ ಬಂದಾಗ ಇಬ್ಬರು ಮುದುಕಿಯರೂ ಮೇಜಿನ ಎರಡು ತುದಿಯಲ್ಲಿ, ನ್ಯಾಯಕ್ಕೆ ಕೂತವರ ಹಾಗೆ ಕೂತಿದ್ದರು. ಹುಡುಗಿ ಕಾಗದ ಹರಡಿ ಬೆರಳಿಟ್ಟು ತೋರಿಸಿದಳು.

"ಇದು ನಿಮ್ಮದು ಅಮ್ಮ. ಬರೀ ಕಾಫಿ ಕುಡಿದ ದಿನ ಸತ್ವ ಬೇಗ ಬಂದಿದೆ. ಹಾಲು ಬೆರೆಸಿದ ದಿನ ಮೊದಲ ಕೆಲವು ಗಂಟೆ ಕಮ್ಮಿ ಇದೆ. ಆಮೇಲೆ ಆಮೇಲೆ ಬಂದಿದೆ. ಮಾರನೇ ಬೆಳಗ್ಗೆ ಹೊತ್ತಿಗೆ ಎರಡು ದಿನದ ಮೊತ್ತದಲ್ಲಿ ಅಂಥ ವ್ಯತ್ಯಾಸ ಇಲ್ಲ. ಹಾಲು ಹಿಡಿದಿಟ್ಟಿದ್ದನ್ನ ಹೊಟ್ಟೆ ನಿಧಾನಕ್ಕೆ ಬಿಡಿಸ್ಕೊಂಡಿದೆ."

ಹಿಸಾಯೊ ಕಣ್ಣು ಮುಚ್ಚಿದಳು. ಎರಡು ವರ್ಷದಿಂದ ಎದೆಯಲ್ಲಿ ಕಟ್ಟಿದ್ದ ಗಡ್ಡೆಯೊಂದು ಸಡಿಲಾದಂತಾಯಿತು. ಆದರೆ ಅವಳು ತೂಕದ ಹೆಂಗಸು. ಅರ್ಧ ತಕ್ಕಡಿಗೆ ತೃಪ್ತಳಾಗುವವಳಲ್ಲ.

"ಎಲ್ಲರದ್ದೂ ಹಿಂಗೇನಾ?"

ಜುಸ್ಸಾರಾ ಇನ್ನೊಂದು ಹಾಳೆ ತೆಗೆದಳು. "ಇಲ್ಲ. ಒಬ್ಬರಲ್ಲಿ ಅರ್ಧಕ್ಕರ್ಧ ಕಮ್ಮಿ ಆಗಿದೆ. ಇನ್ನೊಬ್ಬರಲ್ಲಿ ಹಾಲಿನ ಜೊತೇಲೇ ಜಾಸ್ತಿ ಬಂದಿದೆ. ಹಾಲು ಇದ್ದದ್ದಕ್ಕೂ ಇಲ್ಲದ್ದಕ್ಕೂ ಇರೋ ಅಂತರಕ್ಕಿಂತ ಒಬ್ಬರ ಹೊಟ್ಟೆಗೂ ಇನ್ನೊಬ್ಬರ ಹೊಟ್ಟೆಗೂ ಇರೋ ಅಂತರಾನೇ ದೊಡ್ಡದು. ನಾವು ಅಳೆದದ್ದು ಹನ್ನೆರಡು ಜನರನ್ನ. ಅಷ್ಟರಲ್ಲಿ ತೀರ್ಪು ಹೇಳಕ್ಕಾಗಲ್ಲ."

"ಹಂಗಾದ್ರೆ ನಮ್ಮೆಜಮಾನ್ರ ಹೊಟ್ಟೇಲಿ?"

"ಅವರದ್ದನ್ನ ಯಾರೂ ಅಳೆದಿಲ್ಲ ಅಮ್ಮ."

ಹೊರಗೆ ಯಾರದೋ ಟ್ರ್ಯಾಕ್ಟರು ಸೋಯಾ ಹೊತ್ತು ಮಂಡಿಯ ಕಡೆ ಹೋಯಿತು. ಹುಡುಗಿ ಇಬ್ಬರ ಮುಖವನ್ನೂ ನೋಡಿ, ಕಾಗದದ ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟು, ಹಿಸಾಯೊಳ ಕೈ ಒತ್ತಿ ಹೊರಟುಹೋದಳು.

ತೊಕಿಯೆ ಏಳಲಿಲ್ಲ. ಮೇಜಿನ ಮೇಲಿನ ಕಾಗದವನ್ನು ದಿಟ್ಟಿಸುತ್ತ ಹೇಳಿದಳು. "ಅತ್ತಿಗೆ. ಅಣ್ಣ ನಮ್ಮನೆಗೆ ಬರ್ತಿದ್ದ."

"ಬರ್ತಿದ್ರು. ನಿಮ್ಮಣ್ಣ, ಬರದೆ ಏನು?"

"ದಿನಾ ಬರ್ತಿದ್ದ. ಸಹಕಾರ ಸಂಘಕ್ಕೆ ಹೋಗೋ ದಾರೀಲಿ, ಹತ್ತು ಗಂಟೆಗೆ. ಬರೀ ಕಾಫಿ ಕೊಡು ಅಂತಿದ್ದ. ಕಪ್ಪಗೆ, ಗಟ್ಟಿಯಾಗಿ. ಅತ್ತಿಗೆಗೆ ಹೇಳ್ಬೇಡ ಅಂತಿದ್ದ. ಡಾಕ್ಟರು ಬೇಡ ಅಂದಿದ್ದು ನನಗೂ ಗೊತ್ತಿತ್ತು. ಆದ್ರೂ ಕೊಟ್ಟೆ. ಅವನು ಕುಡಿಯೋವಾಗ ಮುಖ ಹಂಗಾಗೋದು, ಗಿಡ ಇದ್ದ ಕಾಲದ ಹಂಗೆ. ಹೆಂಗೆ ಇಲ್ಲ ಅನ್ಲಿ?" ಅವಳು ಕಾಗದದ ಅಂಚನ್ನು ಉಗುರಿನಿಂದ ಗೀರಿದಳು. "ಅವನಿಗೆ ಕಾಯಿಲೆ ಆದಾಗ ನಾನೇ ಕೊಂದೆ ಅಂದ್ಕೊಂಡೆ. ವರ್ಷಗಟ್ಟಲೆ ಅಂದ್ಕೊಂಡೆ. ರೇಡಿಯೋದಲ್ಲಿ ಆ ಡಾಕ್ಟರು, ಕಾಫಿ ಒಳ್ಳೇದು, ಹಾಲೇ ಕೆಡಿಸೋದು ಅಂದಾಗ ನಂಗೆ ಉಸಿರು ಬಂತು. ಅದಕ್ಕೆ ನಿನ್ನ ತಲೆ ಮೇಲೆ ಹಾಕ್ದೆ."

ಹಿಸಾಯೊ ಕಲ್ಲಾದಳು. ಇಪ್ಪತ್ತೊಂದು ವರ್ಷ ಅವಳು ದಾರದ ಹಾಗೆ ಸಣ್ಣಗೆ ಬಿಟ್ಟ ಕಾಫಿ; ಅದನ್ನು ಕುಡಿದು, ಬಟ್ಟಲು ಕವುಚಿಟ್ಟು, ಮೂರು ಬೀದಿ ನಡೆದು ಇನ್ನೊಂದು ಬಟ್ಟಲು ಕುಡಿದವನು. ಅವಳಿಗೆ ಮೊದಲು ಬಂದದ್ದು ಸಿಟ್ಟು. ಸತ್ತವನ ಮೇಲೆ, ಎದುರು ಕೂತವಳ ಮೇಲೆ. ಪಂಕ್ತಿಯಲ್ಲಿ ತಾನು ಕೇಳಿದ ಮಾತಿಗಿಂತ ಹತ್ತು ಪಟ್ಟು ಹರಿತವಾದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ತೊಕಿಯೆ ಅದನ್ನು ಸಾಯುವವರೆಗೂ ಹೊರುತ್ತಿದ್ದಳು. ಹೊರುವುದು ಹೇಗಿರುತ್ತದೆ ಎಂಬುದು ಹಿಸಾಯೊಳಿಗೆ ಗೊತ್ತಿತ್ತು.

"ಹೇಳು ಅತ್ತಿಗೆ" ಎಂದಳು ತೊಕಿಯೆ. "ನನ್ನ ಕಾಫಿಯಿಂದ ಆಯ್ತಾ?"

"ಆ ಹುಡುಗಿ ಹೇಳಿದ್ದು ಕೇಳಿಸ್ಲಿಲ್ವಾ?" ಹಿಸಾಯೊಳ ದನಿ ಒರಟಾಗಿಯೇ ಇತ್ತು. "ಅವರದ್ದನ್ನ ಯಾರೂ ಅಳೆದಿಲ್ಲ. ನಿನ್ನ ಬಟ್ಟಲೂ ಇಲ್ಲ, ನನ್ನ ಬಟ್ಟಲೂ ಇಲ್ಲ."

ತೊಕಿಯೆ ಬರಿಗೈಯಿಂದಲೇ ಮುಖ ಒರೆಸಿಕೊಂಡಳು. ಹಿಸಾಯೊ ಕೇಳಿದಳು:

"ಸಕ್ಕರೆ ಹಾಕಿಸ್ಕೋತಿದ್ರಾ?"

"ಮೂರು ಚಮಚ."

"ನನ್ನ ಹತ್ರ ಬೇಡ ಅಂತಿದ್ರು."

"ನಂಗೂ ಮೊದಲು ಬೇಡ ಅಂತಿದ್ದ. ಆಮೇಲೆ ಡಬ್ಬಿ ತಾನೇ ಎಳ್ಕೊಳ್ಳೋನು."

"ಕೂತ್ಕೊಂಡಾ, ನಿಂತ್ಕೊಂಡಾ?"

"ಬಾಗಿಲ ಹತ್ರ, ಮೆಟ್ಟಿಲ ಮೇಲೆ. ಗಿಡಗಳ ವಿಷಯ ಮಾತಾಡೋನು."

ಅವನು ಆ ಗಿಡಗಳ ವಿಷಯವನ್ನು ಮಂಜು ಬಿದ್ದ ದಿನದಿಂದ ಮನೆಯಲ್ಲಿ ಒಂದು ದಿನವೂ ಎತ್ತಿರಲಿಲ್ಲ. ಹಿಸಾಯೊ ತನ್ನ ಕುರ್ಚಿಯನ್ನು ಮೇಜಿನ ಆಚೆ ತುದಿಗೆ, ತೊಕಿಯೆಯ ಪಕ್ಕಕ್ಕೆ ಎಳೆದುಕೊಂಡಳು.

"ಏನು ಮಾತಾಡ್ತಿದ್ರು?" ಎಂದಳು. "ಮೊದಲಿಂದ ಹೇಳು."